ಸೌತೆಕಾಯಿಯ ಮೇಲೊಂದು ಸುಳ್ಳು ಕೇಸು

ಹ್ಯಾಮ್‌ಸ್ಟರ್ ಸತ್ತರೆ ನಮ್ಮಲ್ಲಿ ತನಿಖೆ ನಡೆಯುವುದಿಲ್ಲ, ನೇರವಾಗಿ ತೀರ್ಪು ಬರುತ್ತದೆ. ಮರಿಯನ್ನು ಮನೆಗೆ ತಂದ ನಾಲ್ಕನೆಯದೋ ಐದನೆಯದೋ ದಿನ ಅದರ ಬಾಲದ ಸುತ್ತ ಒದ್ದೆಯಾಗುತ್ತದೆ. ಕೂದಲು ಕೆದರಿ, ಬೆನ್ನು ಗೂನಾಗಿ, ಮೂಲೆಯಲ್ಲಿ ಮುದುಡಿ ಕೂರುತ್ತದೆ. ಒಂದೆರಡು ದಿನದಲ್ಲಿ ಸೆಟೆದುಕೊಂಡಿರುತ್ತದೆ. ಮಗು ಅಳುತ್ತದೆ, ತಾಯಿ ಅಂಗಡಿಗೆ ಫೋನ್ ಮಾಡುತ್ತಾರೆ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆಯೇ, "ಹಸಿ ತರಕಾರಿ ಏನಾದ್ರೂ ಹಾಕಿದ್ರಾ ಮೇಡಮ್?" ಹೌದು, ಒಂದು ಚೂರು ಸೌತೆಕಾಯಿ ಹಾಕಿದ್ದೆವು. "ಅದಕ್ಕೇ ಹೋಗಿರೋದು. ಕಾಳು ಬಿಟ್ಟು ಬೇರೇನೂ ಕೊಡ್ಬೇಡಿ ಅಂದಿದ್ನಲ್ಲಾ!" ಅಲ್ಲಿಗೆ ಕೇಸು ಮುಗಿಯಿತು. ಆ ತಾಯಿ ಮುಂದಿನ ಮರಿಗೆ ಸೂರ್ಯಕಾಂತಿ ಬೀಜ ಬಿಟ್ಟು ಬೇರೇನೂ ಕೊಡುವುದಿಲ್ಲ. ಅಕ್ಕಪಕ್ಕದ ಮನೆಯವರಿಗೂ, ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೂ ಅದನ್ನೇ ಹೇಳುತ್ತಾರೆ.

ಹೀಗೆ ಬಾಯಿಂದ ಬಾಯಿಗೆ ಹರಡಿ, ಹಸಿ ತರಕಾರಿ ಹ್ಯಾಮ್‌ಸ್ಟರ್‌ಗೆ ವಿಷ ಎಂಬ ಮಾತು ಈಗ ಎಲ್ಲರಿಗೂ ಗೊತ್ತಿರುವ ಸತ್ಯದಂತೆ ಓಡಾಡುತ್ತಿದೆ. ಅದು ಸತ್ಯವಲ್ಲ. ಬರೀ ತಪ್ಪು ತಿಳಿವಳಿಕೆಯಾಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಈ ಮಾತಿನಿಂದ ಕೆಲವರಿಗೆ ಲಾಭವಿದೆ, ಪ್ರಾಣಿಗೆ ನಷ್ಟವಿದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಜಗಳ ಆಡಬೇಕಾಗಿದೆ.

ಮೊದಲು ರೋಗದ ವಿಷಯ. ಸಾಕುವವರೂ ಮಾರುವವರೂ 'ವೆಟ್ ಟೇಲ್' ಎನ್ನುವ ಈ ಕಾಯಿಲೆಯಲ್ಲಿ ಸಣ್ಣ ಕರುಳಿನ ಕೊನೆಯ ಭಾಗದ ಒಳಪದರ ದಪ್ಪಗಾಗಿ ಊದಿಕೊಳ್ಳುತ್ತದೆ. ನೀರಿನಂತೆ ಭೇದಿಯಾಗುತ್ತದೆ, ಅದರಲ್ಲಿ ಒಮ್ಮೊಮ್ಮೆ ರಕ್ತವೂ ಇರುತ್ತದೆ. ಇದನ್ನು ಉಂಟುಮಾಡುವುದು ಲಾಸೋನಿಯಾ ಇಂಟ್ರಾಸೆಲ್ಯುಲಾರಿಸ್ ಎಂಬ ಬ್ಯಾಕ್ಟೀರಿಯ. ಈ ಹೆಸರು ಬಂದದ್ದು 1995ರಲ್ಲಿ. ಕರುಳಿನ ಜೀವಕೋಶಗಳ ಒಳಗೆ ಹೊಕ್ಕು ಬದುಕುವ ಈ ಬ್ಯಾಕ್ಟೀರಿಯವೇ ಹಂದಿಮರಿಗಳಿಗೂ ಇಂಥದೇ ರೋಗ ತರುತ್ತದೆ. ಹಿಕ್ಕೆಯ ಮೂಲಕ ಒಂದರಿಂದ ಇನ್ನೊಂದಕ್ಕೆ ಅಂಟುತ್ತದೆ. ಹ್ಯಾಮ್‌ಸ್ಟರ್‌ಗಳಲ್ಲಿ ಹೆಚ್ಚಾಗಿ ಬಲಿಯಾಗುವುದು ಮೂರರಿಂದ ಎಂಟು ವಾರದ ಮರಿಗಳು, ಅಂದರೆ ತಾಯಿ ಹಾಲು ಬಿಟ್ಟ ಹೊಸದರಲ್ಲಿ. ಇಕ್ಕಟ್ಟು, ಪ್ರಯಾಣ, ಜಾಗ ಬದಲಾಗುವುದು, ಆಹಾರ ಏಕಾಏಕಿ ಬದಲಾಗುವುದು, ಇವೆಲ್ಲ ರೋಗಕ್ಕೆ ದಾರಿ ಮಾಡಿಕೊಡುತ್ತವೆ. ಸೌತೆಕಾಯಿಯ ಹೋಳಿನೊಳಗಿಂದ ಈ ರೋಗ ಹುಟ್ಟಿ ಬರುವುದಿಲ್ಲ.

ಈಗ ನಮ್ಮ ಮಾರುಕಟ್ಟೆಗೆ ಬರುವ ಮರಿಯ ಕಥೆ ನೋಡಿ. ಹುಟ್ಟಿ ಮೂರು ವಾರಕ್ಕೆ ತಾಯಿಯಿಂದ ಬೇರೆ ಮಾಡುತ್ತಾರೆ. ಹತ್ತಾರು ಮರಿಗಳ ಜೊತೆ ಪೆಟ್ಟಿಗೆಗೆ ತುಂಬುತ್ತಾರೆ. ಸಾಕುವವನಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ಅಂಗಡಿಗೆ, ಅಂಗಡಿಯ ಗಾಜಿನ ತೊಟ್ಟಿಯಿಂದ ಸಣ್ಣ ರಟ್ಟಿನ ಡಬ್ಬಿಗೆ, ಡಬ್ಬಿಯಿಂದ ನಿಮ್ಮ ಮನೆಯ ಬಣ್ಣದ ಪಂಜರಕ್ಕೆ. ಹಗಲು ಮಲಗಿ ರಾತ್ರಿ ಓಡಾಡುವ ಪ್ರಾಣಿಯನ್ನು ಹಗಲೆಲ್ಲ ಟ್ಯೂಬ್‌ಲೈಟ್ ಕೆಳಗೆ ಇಡುತ್ತಾರೆ. ಜೊತೆಗೆ "ಒಂದೇ ಒಂಟಿಯಾಗಿರುತ್ತೆ ಪಾಪ, ಜೋಡಿ ತಗೊಳಿ" ಎಂಬ ಉಪದೇಶ. ಸಿರಿಯನ್ ಹ್ಯಾಮ್‌ಸ್ಟರ್ ಒಂಟಿಯಾಗಿ ಬದುಕುವ ಜೀವಿ. ಬೆಳೆದ ಎರಡನ್ನು ಒಂದೇ ಪಂಜರದಲ್ಲಿಟ್ಟರೆ ಒಂದನ್ನೊಂದು ಹರಿದು ಹಾಕುತ್ತವೆ. ಇಷ್ಟೆಲ್ಲ ಆದ ಮೇಲೆ ಮನೆಗೆ ಬಂದ ಸಂಜೆ ಮಗು ಪ್ರೀತಿಯಿಂದ ಒಂದು ಹೋಳು ಸೌತೆಕಾಯಿ ಕೊಡುತ್ತದೆ. ಮೂರು ದಿನದ ನಂತರ ಭೇದಿ ಶುರುವಾಗುತ್ತದೆ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು ಎಂಬಂತೆ ಅಪವಾದವೆಲ್ಲ ಸೌತೆಕಾಯಿಯ ತಲೆಗೆ.

"ನಮ್ಮ ಅಂಗಡೀಲಿ ಇದ್ದಾಗ ಚೆನ್ನಾಗೇ ಇತ್ತು" ಎನ್ನುವುದು ಅಂಗಡಿಯವರ ಮುಂದಿನ ವಾದ. ಇದ್ದಿರಬಹುದು. ಸೋಂಕು ಹತ್ತಿದ ದಿನವೇ ಭೇದಿ ಕಾಣಿಸುವುದಿಲ್ಲ, ನಡುವೆ ಕೆಲವು ದಿನ ಹಿಡಿಯುತ್ತದೆ. ಆ ಕೆಲವು ದಿನಗಳಲ್ಲೇ ಮರಿ ಮಾರಾಟವಾಗಿರುತ್ತದೆ. ಅಂಗಡಿಯಲ್ಲಿ ಚೆನ್ನಾಗಿದ್ದದ್ದು ಮನೆಗೆ ಬಂದು ಕೆಟ್ಟಿತು ಎಂಬುದರಿಂದ ಅಂಗಡಿ ನಿರ್ದೋಷಿ ಎಂದಾಗುವುದಿಲ್ಲ. ಅದೇ ತೊಟ್ಟಿಯಲ್ಲಿದ್ದ ಉಳಿದ ಮರಿಗಳು ಏನಾದವು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೇ. ಕೇಂದ್ರ ಸರ್ಕಾರ 2018ರಲ್ಲಿ ತಂದ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ನಾಯಿ, ಬೆಕ್ಕು, ಮೊಲ, ಗಿನಿಪಿಗ್ ಜೊತೆಗೆ ಹ್ಯಾಮ್‌ಸ್ಟರ್ ಹೆಸರೂ ಇದೆ. ಅಂಗಡಿ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು, ದಾಖಲೆ ಇಡಬೇಕು. ಮರಿಯ ವಯಸ್ಸೆಷ್ಟು, ಎಲ್ಲಿಂದ ಬಂತು, ಎಂದು ಬಂತು ಎಂದು ಕೊಳ್ಳುವವರು ಕೇಳತೊಡಗಿದರೆ ವ್ಯಾಪಾರಿಗೆ ಕಷ್ಟ. ಸೌತೆಕಾಯಿಯನ್ನು ಬೈದುಕೊಂಡು ಮನೆಗೆ ಹೋದರೆ ಯಾವ ಕಷ್ಟವೂ ಇಲ್ಲ, ಮುಂದಿನ ವಾರ ಇನ್ನೊಂದು ಮರಿಯೂ ಮಾರಾಟವಾಗುತ್ತದೆ.

ಈ ತಪ್ಪು ತೀರ್ಪಿನ ಇನ್ನೊಂದು ಮುಖ ಹೆಚ್ಚು ಕ್ರೂರ. ತರಕಾರಿಯಿಂದ ಹೊಟ್ಟೆ ಕೆಟ್ಟಿದೆ ಎಂದು ನಂಬಿದವರು ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ, ತರಕಾರಿ ನಿಲ್ಲಿಸಿದ್ದೇವಲ್ಲ, ನಾಳೆಗೆ ಸರಿಹೋಗುತ್ತದೆ ಎಂದು ಕಾಯುತ್ತಾರೆ. ವೆಟ್ ಟೇಲ್ ಹಿಡಿದ ಮರಿಗೆ ನಾಳೆ ಎಂಬುದು ಇರುವುದೇ ಅನುಮಾನ. ಕೆಲವು ಗಂಟೆಗಳಲ್ಲಿ ಮೈಯ ನೀರೆಲ್ಲ ಹೋಗಿಬಿಡುತ್ತದೆ, ಅದನ್ನು ಬೆಚ್ಚಗಿಟ್ಟು ಕೂಡಲೇ ಪಶುವೈದ್ಯರ ಬಳಿ ಒಯ್ಯಬೇಕು. ಇಲ್ಲವೇ, ಫ್ರಿಜ್ಜಿನ ಬಾಗಿಲಲ್ಲಿ ಉಳಿದಿರುವ ಮಗುವಿನ ಅಮಾಕ್ಸಿಸಿಲಿನ್ ಸಿರಪ್ಪನ್ನು ಎರಡು ಹನಿ ಬಾಯಿಗೆ ಬಿಡುತ್ತಾರೆ. ಇದು ಕೊಲೆಗೆ ಸಮ. ಪೆನಿಸಿಲಿನ್ ಗುಂಪಿನ ಔಷಧಗಳು, ಕ್ಲಿಂಡಾಮೈಸಿನ್, ಎರಿಥ್ರೊಮೈಸಿನ್ ಇವೆಲ್ಲ ಹ್ಯಾಮ್‌ಸ್ಟರ್‌ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಗಳನ್ನು ಅಳಿಸಿಹಾಕಿ, ವಿಷ ಕಾರುವ ಕ್ಲಾಸ್ಟ್ರಿಡಿಯಮ್‌ಗಳಿಗೆ ಜಾಗ ಮಾಡಿಕೊಡುತ್ತವೆ. ವೈದ್ಯಲೋಕಕ್ಕೆ ಇದು ಚೆನ್ನಾಗಿ ಗೊತ್ತು. ಮನುಷ್ಯರಲ್ಲಿ ಆ್ಯಂಟಿಬಯೊಟಿಕ್ ತಿಂದ ಮೇಲೆ ಬರುವ ಕರುಳಿನ ಉರಿಯೂತಕ್ಕೆ ಕಾರಣವೇನೆಂದು ಅಮೆರಿಕದ ವೈದ್ಯ ಜಾನ್ ಬಾರ್ಟ್ಲೆಟ್ ಮತ್ತು ಸಂಗಡಿಗರು 1970ರ ದಶಕದ ಕೊನೆಯಲ್ಲಿ ಕಂಡುಹಿಡಿದದ್ದೇ ಹ್ಯಾಮ್‌ಸ್ಟರ್‌ಗಳ ಮೇಲೆ ಕ್ಲಿಂಡಾಮೈಸಿನ್ ಪ್ರಯೋಗಿಸಿ. ನಮಗಾಗಿ ಸತ್ತು ಪಾಠ ಹೇಳಿದ ಪ್ರಾಣಿಗೆ, ಆ ಪಾಠವನ್ನು ನಾವು ವಾಪಸ್ ಹೇಳುತ್ತಿಲ್ಲ.

ಹ್ಯಾಮ್‌ಸ್ಟರ್ ಮರುಭೂಮಿಯ ಪ್ರಾಣಿ, ಒಣ ಕಾಳೇ ಅದರ ಪ್ರಕೃತಿ ಎಂಬ ವಾದವನ್ನೂ ಕೇಳಿದ್ದೇನೆ. ಹೇಳುವವರು ಭೂಗೋಳದಲ್ಲಿ ಸ್ವಲ್ಪ ಅವಸರ ಮಾಡಿದ್ದಾರೆ. ನಮ್ಮ ಅಂಗಡಿಗಳಲ್ಲಿ ಸಿಗುವ ಬಂಗಾರದ ಬಣ್ಣದ ಸಿರಿಯನ್ ಹ್ಯಾಮ್‌ಸ್ಟರ್ ಸಿರಿಯಾದ ಅಲೆಪ್ಪೊ ಸುತ್ತಮುತ್ತಲಿನದು. 1839ರಲ್ಲಿ ಜಾರ್ಜ್ ವಾಟರ್‌ಹೌಸ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಅದನ್ನು ಮೊದಲು ವಿವರಿಸಿದ. ಆಮೇಲೆ ಬಹುಕಾಲ ಅದರ ಸುದ್ದಿ ಇರಲಿಲ್ಲ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಕಾಲಾ ಅಜಾರ್ ಗುಂಪಿನ ರೋಗಗಳನ್ನು ಅಧ್ಯಯನ ಮಾಡುತ್ತಿದ್ದ ಸಾಲ್ ಆಡ್ಲರ್‌ಗೆ ಪ್ರಯೋಗಕ್ಕೆ ಒಂದು ಹ್ಯಾಮ್‌ಸ್ಟರ್ ಬೇಕಿತ್ತು. ಚೀನಾದ ಜಾತಿ ಅವರಲ್ಲಿ ಮರಿ ಹಾಕುತ್ತಿರಲಿಲ್ಲ. ಅವರ ಕೋರಿಕೆಯ ಮೇಲೆ ಹೊರಟ ಇಸ್ರಯೇಲ್ ಅಹರೋನಿ 1930ರಲ್ಲಿ ಅಲೆಪ್ಪೊ ಬಳಿ ನೆಲ ಅಗೆಸಿ ಒಂದು ತಾಯಿ ಮತ್ತು 11 ಮರಿಗಳನ್ನು ಹೊರತೆಗೆದರು. ಅಗೆದದ್ದು ಮರಳುಗಾಡನ್ನಲ್ಲ, ಗೋಧಿ ಹೊಲವನ್ನು. ಇಂದು ಜಗತ್ತಿನ ಮನೆಗಳಲ್ಲಿರುವ ಬಹುಪಾಲು ಸಿರಿಯನ್ ಹ್ಯಾಮ್‌ಸ್ಟರ್‌ಗಳು ಆ ಒಂದೇ ಬಸಿರಿನ ವಂಶ. 1990ರ ದಶಕದ ಕೊನೆಯಲ್ಲಿ ಜರ್ಮನಿಯ ರಾಲ್ಫ್ ಗಾಟರ್‌ಮನ್ ತಂಡ ಅಲ್ಲಿಗೆ ಮತ್ತೆ ಹೋಗಿ ಬಿಲಗಳನ್ನು ಹುಡುಕಿದಾಗಲೂ ಅವು ಹೆಚ್ಚಾಗಿ ಸಿಕ್ಕಿದ್ದು ಬೇಸಾಯದ ಹೊಲಗಳಲ್ಲಿ, ಅದರಲ್ಲೂ ಬೇಳೆಕಾಳು ಬೆಳೆಯುವ ಕಡೆ. ಕಾಳು ಬಲಿಯುವ ತನಕ ಹೊಲದಲ್ಲಿ ಇರುವುದೇನು? ಹಸಿರು. ಹ್ಯಾಮ್‌ಸ್ಟರ್ ಚಿಗುರು, ಸೊಪ್ಪು, ಬೇರು ತಿನ್ನುತ್ತದೆ, ಕಾಳು ಕೂಡಿಡುತ್ತದೆ, ಹುಳ ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಕೊನೆಯ ಮಾತು ಕೇಳಿ ಕೆಲವು ಮನೆಗಳಲ್ಲಿ ಮುಖ ಸಿಂಡರಿಸುತ್ತಾರೆ. ಏನು ಮಾಡುವುದು, ಹ್ಯಾಮ್‌ಸ್ಟರ್ ಮಡಿಯ ಪ್ರಾಣಿ ಅಲ್ಲ.

ಬರೀ ಒಂದೇ ಕಾಳು ತಿಂದರೆ ಏನಾಗುತ್ತದೆ ಎಂಬುದಕ್ಕೆ ಭಯಂಕರವಾದ ಸಾಕ್ಷ್ಯ ಫ್ರಾನ್ಸಿನಿಂದ ಬಂದಿದೆ. ಅಲ್ಸಾಸ್ ಪ್ರಾಂತದಲ್ಲಿ ಯುರೋಪಿನ ಕಾಡು ಹ್ಯಾಮ್‌ಸ್ಟರ್ ಇದೆ, ಸಾಕುವ ಜಾತಿಗಿಂತ ಬಹಳ ದೊಡ್ಡದು. ಅಲ್ಲಿನ ಹೊಲಗಳು ಮೆಕ್ಕೆಜೋಳದ ಏಕಬೆಳೆಗೆ ತಿರುಗಿದ ಮೇಲೆ ಈ ಪ್ರಾಣಿ ಮಾಯವಾಗತೊಡಗಿತು. ಸ್ಟ್ರಾಸ್‌ಬರ್ಗ್‌ನ ಮತಿಲ್ಡ್ ಟಿಸಿಯೇ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೆಕ್ಕೆಜೋಳವೇ ಮುಖ್ಯ ಆಹಾರವಾದ ತಾಯಂದಿರು ಹೆತ್ತ ಮರಿಗಳನ್ನು ಜೀವಂತವಾಗಿ ತಿಂದುಹಾಕಿದವು. ಕಾರಣ ನಯಾಸಿನ್, ಅಂದರೆ ಬಿ3 ಜೀವಸತ್ವದ ಕೊರತೆ. ಅದನ್ನು ಸೇರಿಸಿ ಕೊಟ್ಟಾಗ ತಾಯಂದಿರು ಮರಿಗಳನ್ನು ಸಾಕಿದವು. ಈ ಕೊರತೆಯ ರೋಗ ಮನುಷ್ಯರಲ್ಲಿ ಪೆಲ್ಲಾಗ್ರ, ದಖ್ಖಣಕ್ಕೆ ಅದು ಅಪರಿಚಿತವಲ್ಲ. ಜೋಳವೇ ಊಟವಾಗಿದ್ದ ಬಡವರಲ್ಲಿ ಅದು ಯಾಕೆ ಬರುತ್ತದೆಂದು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲೇ ಬರೆದಿದ್ದರು. ಯುರೋಪಿನ ಆ ಹ್ಯಾಮ್‌ಸ್ಟರ್ 2020ರಿಂದ ಅಳಿವಿನ ಅಂಚಿನ ಪಟ್ಟಿಯಲ್ಲಿದೆ.

ಸೂರ್ಯಕಾಂತಿ ಬೀಜ ಮೆಕ್ಕೆಜೋಳವಲ್ಲ, ಒಪ್ಪಿದೆ. ಅದರ ಸಮಸ್ಯೆ ಬೇರೆ. ಸಿಪ್ಪೆ ಸುಲಿದ ಬೀಜದ ತೂಕದಲ್ಲಿ ಅರ್ಧದಷ್ಟು ಎಣ್ಣೆ. ಅಂಗಡಿಯಲ್ಲಿ ಸಿಗುವ ಮಿಶ್ರ ಕಾಳಿನ ಪೊಟ್ಟಣ ಸುರಿದರೆ ಹ್ಯಾಮ್‌ಸ್ಟರ್ ಮೊದಲು ಆರಿಸಿ ಕೆನ್ನೆಗೆ ತುಂಬಿಕೊಳ್ಳುವುದು ಅದನ್ನೇ. ನವಣೆ, ಗೋಧಿ, ಪೆಲೆಟ್ ಎಲ್ಲ ತಟ್ಟೆಯಲ್ಲೇ ಉಳಿಯುತ್ತವೆ. ಮನೆಯವರು ಬೀಜ ಖಾಲಿಯಾಯಿತೆಂದು ಮತ್ತೆ ಸುರಿಯುತ್ತಾರೆ. ಕೊಬ್ಬಿದ ಹ್ಯಾಮ್‌ಸ್ಟರ್‌ನ ಫೋಟೊಕ್ಕೆ ಎಲ್ಲರೂ "ಅಯ್ಯೋ ಎಷ್ಟು ಮುದ್ದು" ಎನ್ನುತ್ತಾರೆ. ಸೌತೆಕಾಯಿಗೆ ಹೆದರುವ ಮನೆಯಲ್ಲಿ ಈ ಎಣ್ಣೆಗೆ ಯಾರೂ ಹೆದರುವುದಿಲ್ಲ.

ಈಗ ಎದುರು ಪಕ್ಷದ ಗಟ್ಟಿಯಾದ ವಾದಕ್ಕೆ ಬರುತ್ತೇನೆ. ಪ್ರಯೋಗಾಲಯಗಳಲ್ಲಿ ಹ್ಯಾಮ್‌ಸ್ಟರ್‌ಗಳು ತಲೆಮಾರುಗಳಿಂದ ಬರೀ ಪೆಲೆಟ್ ಮತ್ತು ನೀರಿನ ಮೇಲೆ ಬದುಕಿವೆ, ಮರಿ ಹಾಕಿವೆ, ತರಕಾರಿ ಅಗತ್ಯವೇ ಇಲ್ಲ. ಈ ಮಾತು ನಿಜ. ಗಿನಿಪಿಗ್‌ಗೆ ಸಿ ಜೀವಸತ್ವ ಹೊರಗಿನಿಂದಲೇ ಸಿಗಬೇಕು, ಹ್ಯಾಮ್‌ಸ್ಟರ್ ಅದನ್ನು ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ. ಒಳ್ಳೆಯ ಪೆಲೆಟ್ ಇದ್ದರೆ ತರಕಾರಿ ಇಲ್ಲದೆಯೂ ಅದು ಬದುಕುತ್ತದೆ. ಆದರೆ ಅಗತ್ಯವಿಲ್ಲ ಎಂಬುದರಿಂದ ವಿಷ ಎಂಬಲ್ಲಿಗೆ ಹಾರುವುದು ಹೇಗೆ? ನಾಲ್ಕು ಗೋಡೆಯೊಳಗೆ ಒಂದೂವರೆ ಎರಡು ವರ್ಷ ಕಳೆಯುವ ಜೀವಕ್ಕೆ ಕಚ್ಚಿ ತಿನ್ನುವ ಗರಿಗರಿ, ಬೇರೆ ವಾಸನೆ, ಹುಡುಕಿ ತೆಗೆಯುವ ಕೆಲಸ ಇವು ಸಣ್ಣ ಸಂಗತಿಗಳಲ್ಲ. ಮೆಂತ್ಯ ಸೊಪ್ಪಿನ ಒಂದು ಕಡ್ಡಿಯನ್ನು ಮುಂಗೈಗಳಲ್ಲಿ ಹಿಡಿದು ತುದಿಯಿಂದ ಬುಡದವರೆಗೆ ಒಳಕ್ಕೆ ಎಳೆದುಕೊಳ್ಳುವುದನ್ನು ನೋಡಿದವರು ಪೆಲೆಟ್ ಸಾಕು ಎನ್ನುವಾಗ ಸ್ವಲ್ಪ ತಡವರಿಸುತ್ತಾರೆ.

ಹೆಚ್ಚು ತರಕಾರಿ ಹಾಕಿದರೆ ಹಿಕ್ಕೆ ಸಡಿಲವಾಗುತ್ತದೆ ಎಂಬುದೂ ನಿಜ. ಇಲ್ಲಿ ನನ್ನ ಜಗಳ ಇನ್ನೊಂದು ಗುಂಪಿನ ಜೊತೆ. ತರಕಾರಿ ತಾನೇ, ಎಷ್ಟು ಹಾಕಿದರೇನು ಎಂದು ಮೊಲಕ್ಕೆ ಹಾಕಿದಂತೆ ಬುಟ್ಟಿ ತುಂಬಿಸುವವರು ಇವರು. ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್‌ನ ತೂಕ ಸುಮಾರು 120 ಗ್ರಾಂ. ಎರಡು ಬಿಲ್ಲೆ ಸೌತೆಕಾಯಿ 12 ಗ್ರಾಂ ತೂಗಿದರೆ, 60 ಕಿಲೋದ ಮನುಷ್ಯ ಒಂದೇ ಕೂತಿಗೆ 6 ಕಿಲೋ ಸೌತೆಕಾಯಿ ತಿಂದ ಲೆಕ್ಕ. ಅದರಲ್ಲಿ ನೂರಕ್ಕೆ 95 ಪಾಲು ನೀರು. ಹೊಟ್ಟೆ ಕೆಡದೆ ಇನ್ನೇನಾದೀತು? ಆ ಭೇದಿಗೆ ಕಾರಣ ಅಳತೆ. ತರಕಾರಿ ಕಡಿಮೆ ಮಾಡಿದರೆ ಅದು ನಿಲ್ಲುತ್ತದೆ, ಪ್ರಾಣಿ ಚುರುಕಾಗಿಯೇ ಇರುತ್ತದೆ. ಬಾಲ ಒದ್ದೆಯಾಗಿ, ಮುದುಡಿ ಕೂತು, ಮುಟ್ಟಿದರೂ ಅಲುಗದ ಮರಿಯ ಕಥೆ ಬೇರೆ. ಈ ಎರಡನ್ನು ಒಂದೇ ಎಂದು ತಿಳಿದದ್ದರಿಂದಲೇ ಇಷ್ಟೆಲ್ಲ ಗೊಂದಲ.

ಹಾಗಾದರೆ ಎಷ್ಟು ಕೊಡಬೇಕು? ಹೊಸದಾಗಿ ತಂದ ಮರಿಗೆ ಮೊದಲ ಒಂದೆರಡು ವಾರ ಏನೂ ಬೇಡ, ಅಂಗಡಿಯಲ್ಲಿ ತಿನ್ನುತ್ತಿದ್ದುದನ್ನೇ ಮುಂದುವರಿಸಿ. ತರಕಾರಿ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ಕಂಗಾಲಾದ ಕರುಳಿಗೆ ಇನ್ನೊಂದು ಬದಲಾವಣೆ ಬೇಡ ಎಂದಷ್ಟೆ. ಆಮೇಲೆ ಒಂದೇ ಬಗೆ, ಹೆಬ್ಬೆರಳ ಉಗುರಿನಷ್ಟು, ಸಂಜೆ ಎದ್ದ ಮೇಲೆ. ಕುಬ್ಜ ಜಾತಿಗಳಿಗೆ ಅದರ ಅರ್ಧ. ಮರುದಿನ ಹಿಕ್ಕೆ ನೋಡಿ. ಕಪ್ಪಗೆ ಗಟ್ಟಿಯಾಗಿ ಅಕ್ಕಿಕಾಳಿನ ಆಕಾರದಲ್ಲಿದ್ದರೆ ಸರಿ. ಒಂದು ಒಗ್ಗಿದ ಮೇಲೆ ಇನ್ನೊಂದು, ವಾರಕ್ಕೆ ಮೂರು ನಾಲ್ಕು ಸಲ ಸಾಕು. ಸೌತೆಕಾಯಿಯ ತೊಟ್ಟಿನ ಕಡೆ ಕತ್ತರಿಸಿ ತಿಕ್ಕಿ ನೊರೆ ತೆಗೆಯುವುದು ಎಲ್ಲ ಮನೆಗಳಲ್ಲೂ ಇರುವ ರೂಢಿ. ಆಮೇಲೂ ಒಂದು ಚೂರು ಬಾಯಿಗೆ ಹಾಕಿ ನೋಡಿ, ಕಹಿಯಾದದ್ದನ್ನು ನಿಮ್ಮಂತೆ ಅದಕ್ಕೂ ಕೊಡಬೇಡಿ. ಸೋರೆಕಾಯಿಗೂ ಹೀರೆಕಾಯಿಗೂ ಇದೇ ಮಾತು. ಹೂಕೋಸು, ಬ್ರೊಕೊಲಿ, ಕೊತ್ತಂಬರಿ, ಮೆಂತ್ಯ ಸೊಪ್ಪು ಸ್ವಲ್ಪ ಸ್ವಲ್ಪ ಆಗಬಹುದು. ಪಾಲಕ್ ಅಪರೂಪಕ್ಕೆ. ಕೊಡುವ ಮೊದಲು ಹರಿಯುವ ನೀರಲ್ಲಿ ಚೆನ್ನಾಗಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಫ್ರಿಜ್ಜಿನ ತಣ್ಣಗಿನದಾದರೆ ಸ್ವಲ್ಪ ಹೊತ್ತು ಹೊರಗಿಟ್ಟು ಕೊಡಿ.

ಮರೆಯುವವರೇ ಹೆಚ್ಚಿರುವ ಕೆಲಸ ಇನ್ನೊಂದಿದೆ. ಹ್ಯಾಮ್‌ಸ್ಟರ್ ತಿಂದಿತೆಂದು ನೀವು ತಿಳಿದದ್ದರಲ್ಲಿ ಅರ್ಧ ಅದರ ಹೊಟ್ಟೆಗೆ ಹೋಗಿರುವುದಿಲ್ಲ. ಭುಜದ ಹಿಂದಿನವರೆಗೂ ಹಿಗ್ಗುವ ಕೆನ್ನೆಚೀಲದಲ್ಲಿ ತುಂಬಿಕೊಂಡು ಹೋಗಿ ಗೂಡಿನ ಮೂಲೆಯಲ್ಲಿ ಹೂತಿಟ್ಟಿರುತ್ತದೆ. ಕಾಳಾದರೆ ತಿಂಗಳಾದರೂ ಕೆಡುವುದಿಲ್ಲ. ಸೌತೆಕಾಯಿ ನಮ್ಮ ಸೆಕೆಯಲ್ಲಿ ಒಂದೇ ರಾತ್ರಿಗೆ ಲೋಳೆಯಾಗುತ್ತದೆ. ಎರಡು ದಿನ ಬಿಟ್ಟು ಅದೇ ಕೊಳೆತ ಚೂರನ್ನು ಅದು ತಿಂದು ಹೊಟ್ಟೆ ಕೆಟ್ಟರೆ ತಪ್ಪು ಗೂಡು ನೋಡದವರದ್ದು. ಬೆಳಗ್ಗೆ ಅದು ಮಲಗಿರುವಾಗ ಗೂಡನ್ನೆಲ್ಲ ಕಿತ್ತುಹಾಕದೆ, ಕೂಡಿಟ್ಟ ಮೂಲೆಯಲ್ಲಿ ಬೆರಳಾಡಿಸಿ ಹಸಿಯದನ್ನು ಮಾತ್ರ ತೆಗೆದು, ಕಾಳನ್ನು ಅಲ್ಲೇ ಬಿಡಿ. ಇಡೀ ಉಗ್ರಾಣ ದೋಚಿದರೆ ಪ್ರಾಣಿ ದಿಗಿಲುಬೀಳುತ್ತದೆ.

ಕೊಡಬಾರದ ತರಕಾರಿಗಳೂ ಇವೆ, ಅದರಲ್ಲಿ ನನ್ನ ತಕರಾರಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಹಸಿ ಆಲೂಗಡ್ಡೆ, ಅದರಲ್ಲೂ ಹಸಿರು ತಿರುಗಿದ್ದು, ಮೊಳಕೆ ಬಂದದ್ದು ಬೇಡ. ಟೊಮೆಟೊ ಗಿಡದ ಎಲೆ, ಬೇಯಿಸದ ರಾಜ್ಮಾ, ಬೆಣ್ಣೆಹಣ್ಣು ಬೇಡ. ಅವರೆಕಾಯಿ ಕಾಲದಲ್ಲಿ ಸುಲಿದ ಹಸಿ ಕಾಳನ್ನು ಪಂಜರಕ್ಕೆ ಎಸೆಯುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಬೇಯಿಸದ ಅವರೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿರುತ್ತದೆ. ಹುಳಿಯಿಂದ ಎತ್ತಿದ ಹೋಳು ತೊಳೆದುಕೊಟ್ಟರೂ ಉಪ್ಪು ಖಾರ ಹೋಗುವುದಿಲ್ಲ. ಇನ್ನು ಕ್ಯಾರೆಟ್. ಕಾರ್ಟೂನುಗಳ ಪುಣ್ಯದಿಂದ ಅದು ಎಲ್ಲ ಸಣ್ಣ ಪ್ರಾಣಿಗಳ ಮೃಷ್ಟಾನ್ನವಾಗಿ ಕೂತಿದೆ. ಸಿರಿಯನ್‌ಗೆ ಸಣ್ಣ ಚೂರು ಪರವಾಗಿಲ್ಲ. ಕ್ಯಾಂಪ್‌ಬೆಲ್ ಕುಬ್ಜ ಹ್ಯಾಮ್‌ಸ್ಟರ್‌ಗೂ ಚೀನಾ ಹ್ಯಾಮ್‌ಸ್ಟರ್‌ಗೂ ಸಕ್ಕರೆ ಕಾಯಿಲೆ ಬೇಗ ಹತ್ತುತ್ತದೆ, ಅವಕ್ಕೆ ಕ್ಯಾರೆಟ್, ಸಿಹಿಗೆಣಸು, ಬಾಳೆಹಣ್ಣು ದೂರವೇ ಇರಲಿ. ಅಂಗಡಿಯಲ್ಲಿ ಕುಬ್ಜಗಳನ್ನೆಲ್ಲ ಒಂದೇ ಹೆಸರಲ್ಲಿ ಮಾರುವುದರಿಂದ ನಿಮ್ಮಲ್ಲಿರುವುದು ಯಾವುದೆಂದು ತಿಳಿಯದಿದ್ದರೆ ಸಿಹಿಯದನ್ನು ಬಿಡುವುದೇ ವಾಸಿ.

ತಮಾಷೆಯೆಂದರೆ, ತರಕಾರಿ ವಿಷ ಎನ್ನುವ ಅಂಗಡಿಯವರೇ ಬೇಸಿಗೆಯಲ್ಲಿ ಮರಿಗಳ ತೊಟ್ಟಿಗೆ ನೀರಿನ ಬಾಟಲಿ ಕಟ್ಟುವ ತೊಂದರೆ ಯಾಕೆಂದು ಅರ್ಧ ಸೌತೆಕಾಯಿ ಎಸೆದಿರುವುದೂ ಉಂಟು. ಇಪ್ಪತ್ತು ಮರಿಗಳು ಅದರ ಮೇಲೆ ಹತ್ತಿ ಇಳಿದು, ಅದರ ಮೇಲೇ ಹಿಕ್ಕೆ ಹಾಕಿ, ಅದನ್ನೇ ಕಡಿಯುತ್ತಿರುತ್ತವೆ. ಲಾಸೋನಿಯಾ ಹರಡಲು ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕಿಲ್ಲ. ಅಂಥ ತೊಟ್ಟಿ ಕಂಡರೆ ಮರಿ ಎಷ್ಟೇ ಮುದ್ದಾಗಿರಲಿ, ಬೆಲೆ ಕೇಳದೆ ಹೊರಗೆ ಬನ್ನಿ. ಕೊಳ್ಳುವ ಹಾಗಿದ್ದರೆ ಮೊದಲು ಬಾಟಲಿಯಲ್ಲಿ ನೀರಿದೆಯೇ ನೋಡಿ. ಆಮೇಲೆ ಮರಿಯ ಬಾಲದ ಬುಡ ಎತ್ತಿ ನೋಡಿ. ಅದರ ಜೊತೆಗಿರುವ ಉಳಿದವುಗಳ ಬಾಲವನ್ನೂ ನೋಡಲು ಬಿಡದಿದ್ದರೆ, ಯಾಕೆ ಎಂದು ಕೇಳಿ.